ಸೊಪ್ಪಿನ ಸಾರಕ್ಕೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅದು ಮದ್ದೇ?

ಕಾಸರಗೋಡು: ಕಳೆದ ಮಳೆಗಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಭಾವನವರು ಕಪಾಟಿನೊಳಗಿಂದ ಹಳದಿಗಟ್ಟಿದ ಒಂದು ಪತ್ರಿಕೆಯ ತುಂಡನ್ನು ತೆಗೆದು ನನ್ನ ಮುಂದಿಟ್ಟರು. "ಇದು ನೀನೇ ಬರೆದದ್ದಲ್ಲವಾ? ಈ ಸೊಪ್ಪು ನಮ್ಮ ತೋಟದ ಬೇಲಿಯಲ್ಲೇ ಉಂಟು. ಹತ್ತು ದಿನ ಅರೆದು ಕಟ್ಟಿದೆವು. ಮತ್ತೆ ಯಾಕೆ ಗುಣವಾಗಲಿಲ್ಲ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಾಲಿನ ಕಿರುಬೆರಳಿಗೆ ಕಲ್ಲು ತಾಗಿ ಆದ ಗಾಯ ಕೀವಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿ, ಬೆರಳನ್ನೇ ತೆಗೆಯಬೇಕಾಯಿತು. ಕೀವಿನ ಪರೀಕ್ಷೆಯ ವರದಿಯಲ್ಲಿ ಹದಿನೈದು ಮದ್ದುಗಳ ಹೆಸರಿತ್ತು. ಮೂರರ ಮುಂದೆ ಮಾತ್ರ 'ಎಸ್', ಉಳಿದ ಎಲ್ಲದರ ಮುಂದೆ 'ಆರ್'. ಎಸ್ ಎಂದರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ.

ಪತ್ರಿಕೆಯ ಆ ತುಂಡು ನಾನೇ ಹಲವು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಯ ಪತ್ರಿಕಾ ಪ್ರಕಟಣೆಯನ್ನು ನೋಡಿ ಬರೆದ ಸುದ್ದಿ. 'ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಹಿತ್ತಿಲ ಗಿಡದಲ್ಲಿ ಮದ್ದು' ಎಂಬ ಅರ್ಥದ ಶೀರ್ಷಿಕೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಗಿಡದ ಸಾರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾವನ್ನು ಕೊಂದದ್ದು ನಿಜ. ಆದರೆ ಆ ಮಾತಿಗೆ ಎಷ್ಟು ಬೆಲೆ ಎಂಬುದು ಬಿ.ಎ. ಓದಿದ ನನಗೆ ಆಗ ಗೊತ್ತಿರಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ. ಗಿಡದ ಹೆಸರನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಇನ್ನೊಂದು ಮನೆಯಲ್ಲಿ ಅದನ್ನು ಅರೆದು ಕಟ್ಟುವುದು ಬೇಡ.

ಆ ಮೇಲೆ ಪರಿಚಯದ ಉಪನ್ಯಾಸಕಿಯೊಬ್ಬರು ತಾವು ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ಪ್ರಯೋಗಾಲಯದಲ್ಲಿ ಎರಡು ದಿನ ಕೂತು ನೋಡಲು ಅವಕಾಶ ಮಾಡಿಕೊಟ್ಟರು. ಅಲ್ಲಿ ಕಂಡದ್ದನ್ನು, ಅನಂತರ ಓದಿ ತಿಳಿದದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲಿಗೆ ಈ 'ಬಗ್ಗದಿರುವುದು' ಅಂದರೇನು? ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯೋಟಿಕ್ ಹೊಸ ಶತ್ರುವಲ್ಲ. ನಾವು ಬಳಸುವ ಹೆಚ್ಚಿನ ಆ್ಯಂಟಿಬಯೋಟಿಕ್‌ಗಳ ಮೂಲ ಮಣ್ಣಿನಲ್ಲಿರುವ ಬೂಸ್ಟು ಮತ್ತು ಇತರ ಸೂಕ್ಷ್ಮಜೀವಿಗಳು. ಅವು ಲಕ್ಷಾಂತರ ವರ್ಷಗಳಿಂದ ಒಂದರ ಮೇಲೊಂದು ಈ ಆಯುಧ ಪ್ರಯೋಗಿಸುತ್ತಲೇ ಇವೆ, ತಪ್ಪಿಸಿಕೊಳ್ಳುವ ಉಪಾಯವನ್ನೂ ಕಲಿತಿವೆ. ಕೆಲವು ಬ್ಯಾಕ್ಟೀರಿಯಾ ಮದ್ದನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತವೆ. ಕೆಲವು ಮದ್ದು ಹೋಗಿ ಕೂರುವ ಜಾಗವನ್ನೇ ಬದಲಿಸಿಬಿಡುತ್ತವೆ. ಇನ್ನು ಕೆಲವು ಒಳಗೆ ಬಂದ ಮದ್ದನ್ನು ಪಂಪು ಇಟ್ಟು ಹೊರಗೆ ಚೆಲ್ಲುತ್ತವೆ, ತೋಟದ ಕೆರೆಯಿಂದ ನೀರೆತ್ತಿ ಹಾಕಿದ ಹಾಗೆ. ಈ ಪಂಪಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾವು ಮದ್ದನ್ನು ಬೇಕಾಬಿಟ್ಟಿ ನುಂಗಿದಷ್ಟೂ ಇಂಥ ಉಪಾಯ ಬಲ್ಲವು ಮಾತ್ರ ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಪೆನಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಕ್ಕಾಗಿ ಮೆಥಿಸಿಲಿನ್ ತಯಾರಾಯಿತು. ಅದು ಬಳಕೆಗೆ ಬಂದ ಬೆನ್ನಿಗೇ, 1961ರಲ್ಲಿ, ಅದಕ್ಕೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ವರದಿಯಾಯಿತು. ಅದನ್ನೇ ಆಸ್ಪತ್ರೆಗಳಲ್ಲಿ ಎಂಆರ್‌ಎಸ್‌ಎ ಎನ್ನುತ್ತಾರೆ. 2009ರಲ್ಲಿ ನಮ್ಮ ರಾಜಧಾನಿಯ ಹೆಸರನ್ನೇ ಹೊತ್ತ 'ನ್ಯೂಡೆಲ್ಲಿ' ಕಿಣ್ವದ ವಿವರ ಪ್ರಕಟವಾಗಿ, ಮರುವರ್ಷ ಸಂಸತ್ತಿನವರೆಗೂ ಗದ್ದಲವೆದ್ದದ್ದು ಹಲವರಿಗೆ ನೆನಪಿರಬಹುದು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜಿನ ಪ್ರಕಾರ, 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಸತ್ತರು.

ಹೊಸ ಮದ್ದು ಬೇಕು. ಗಿಡಗಳತ್ತ ಕಣ್ಣು ಹೋಗುವುದು ಸಹಜ. ಗಿಡಕ್ಕೂ ರೋಗ ಬರುತ್ತದೆ, ಓಡಿಹೋಗಲು ಕಾಲಿಲ್ಲ, ಹಾಗಾಗಿ ಅದು ತನ್ನೊಳಗೇ ಸಾವಿರಾರು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ನಮ್ಮ ಊರಿನ ನಾಟಿವೈದ್ಯರ ಅನುಭವವೂ ಇದೆ.

ಪ್ರಯೋಗಾಲಯದಲ್ಲಿ ಮಾಡುವ ಕ್ರಮ ನೋಡಲು ಸರಳ. ಸೊಪ್ಪನ್ನು ತಂದು ಸಸ್ಯಶಾಸ್ತ್ರಜ್ಞರಿಂದ ಗುರುತು ಹಿಡಿಸಿ, ಒಂದು ಕಡ್ಡಿಯನ್ನು ಕಾಗದಕ್ಕೆ ಅಂಟಿಸಿ ದಾಖಲೆಗೆ ಇಡುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಒಂದೇ ಹೆಸರಿನಲ್ಲಿ ತುಳುವಿನಲ್ಲೊಂದು ಗಿಡ, ಮಲಯಾಳದಲ್ಲೊಂದು ಗಿಡ ಇರುವ ನಮ್ಮ ಊರಿನಲ್ಲಂತೂ ಇದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರು, ಮದ್ಯಸಾರ, ಮೆಥನಾಲ್ ಅಥವಾ ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸುತ್ತಾರೆ. ಸೋಸಿ ದ್ರಾವಕವನ್ನು ಆವಿಯಾಗಿಸಿದರೆ ತಳದಲ್ಲಿ ಕಪ್ಪು ಹಸಿರಿನ ಅಂಟು ಉಳಿಯುತ್ತದೆ, ಜೋನಿಬೆಲ್ಲದ ಹಾಗೆ. ಅದೇ ಸಾರ.

ದ್ರಾವಕ ಬದಲಾದರೆ ಸಾರವೇ ಬೇರೆಯಾಗುತ್ತದೆ. ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಬ್ಯಾಕ್ಟೀರಿಯಾದ್ದಲ್ಲ, ಮಲೇರಿಯದ್ದು. ಚೀನಾದ ವಿಜ್ಞಾನಿ ತು ಯುಯು ಅವರು ಆರ್ಟಿಮಿಸಿಯ ಎಂಬ ಗಿಡವನ್ನು ಕುದಿಸಿ ತೆಗೆದ ಸಾರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಗ್ರಂಥದಲ್ಲಿ ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯುವ ಮಾತಿತ್ತು, ಕುದಿಸುವ ಮಾತಿರಲಿಲ್ಲ. ಅದನ್ನು ಓದಿ, ಕಡಿಮೆ ಶಾಖದಲ್ಲಿ ಈಥರ್ ಬಳಸಿ 1971ರಲ್ಲಿ ತೆಗೆದ ಸಾರ ಫಲ ಕೊಟ್ಟಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಅತ್ತ ನಮ್ಮ ಕಥೆ ನೋಡಿ: ನಾನು ಬರೆದ ಸುದ್ದಿಯಲ್ಲಿದ್ದದ್ದು ಮೆಥನಾಲ್ ಸಾರ. ಅಕ್ಕನ ಕಾಲಿಗೆ ಕಟ್ಟಿದ್ದು ಬಾವಿ ನೀರಿನಲ್ಲಿ ಅರೆದ ಹಸಿ ಸೊಪ್ಪು. ಎರಡೂ ಒಂದೇ ಗಿಡದ್ದು ಎಂಬುದನ್ನು ಬಿಟ್ಟರೆ ಬೇರೆ ಸಂಬಂಧವೇ ಇಲ್ಲದಿರಬಹುದು. ಹಸಿ ಸೊಪ್ಪಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಗಾಯದೊಳಗೆ ಹೋಗುವುದಂತೂ ಖಂಡಿತ. ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲೇ ಇರುವುದು.

ಇನ್ನು ಬ್ಯಾಕ್ಟೀರಿಯಾ. ಗುಣ ಗೊತ್ತಿರುವ ತಳಿಗಳನ್ನು ಕಾಪಿಟ್ಟು ಕೊಡುವ ಸಂಗ್ರಹ ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯಲ್ಲಿದೆ. ದೇಶದ ಎಷ್ಟೋ ಕಾಲೇಜುಗಳಿಗೆ ಅಲ್ಲಿಂದಲೇ ಬರುತ್ತದೆ. ಅದನ್ನು ಸಾರಿನಲ್ಲಿ ಬೆಳೆಸಿ, ಒಂದು ಮಿಲಿಲೀಟರಿಗೆ ಸುಮಾರು 15 ಕೋಟಿಯಷ್ಟಿರುವಂತೆ ಮಬ್ಬನ್ನು ಹೋಲಿಸಿ ಸರಿಪಡಿಸುತ್ತಾರೆ. ಗಾಜಿನ ತಟ್ಟೆಯಲ್ಲಿ ಮುಲ್ಲರ್ ಹಿಂಟನ್ ಎಂಬ ಪೋಷಕ ಪಾಕ ಹೆಪ್ಪುಗಟ್ಟಿರುತ್ತದೆ, ನೋಡಲು ತೆಳು ಹಾಲುಬಾಯಿಯಂತೆ. ಹತ್ತಿಯ ಕಡ್ಡಿಯಿಂದ ಅದರ ಮೇಲೆ ಬ್ಯಾಕ್ಟೀರಿಯಾವನ್ನು ಸಾರಿಸಿದ ಹಾಗೆ ಹಚ್ಚಿ, ಸಾರದಲ್ಲಿ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಪಕ್ಕದಲ್ಲಿ ಆ್ಯಂಟಿಬಯೋಟಿಕ್ ಇರುವ ಒಂದು ಬಿಲ್ಲೆ, ಬರೀ ದ್ರಾವಕ ಇರುವ ಇನ್ನೊಂದು. 35 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ. ಮರುದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮಂಜಿನಂತೆ ಕವಿದಿರುತ್ತದೆ. ಬಿಲ್ಲೆಯ ಸುತ್ತ ಮಾತ್ರ ಮಂಜಿಲ್ಲದ ಒಂದು ತಿಳಿ ವೃತ್ತ! ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ.

ನಿಜ ಹೇಳಬೇಕೆಂದರೆ ಆ ವೃತ್ತ ನೋಡಿದಾಗ ನನಗೂ ರೋಮಾಂಚನವಾಯಿತು. ಪತ್ರಿಕಾ ಪ್ರಕಟಣೆಗಳು ಹುಟ್ಟುವುದು ಈ ವೃತ್ತದಿಂದಲೇ. ನನ್ನ ಮುಖ ನೋಡಿ ಉಪನ್ಯಾಸಕಿ ನಕ್ಕರು. "ಫಿನಾಯಿಲ್ ಇಟ್ಟರೂ ಇಂಥದೇ ವೃತ್ತ ಬರ್ತದೆ ಸರ್. ಕುಡೀತೀರಾ?" ಎಂದರು.

ಆ ವೃತ್ತದ ಅಳತೆಯೂ ಮೋಸ ಮಾಡುತ್ತದೆ. ಸಾರ ಆ ಹೆಪ್ಪಿನಲ್ಲಿ ಹರಡಿದಷ್ಟೇ ವೃತ್ತ ಬರುವುದು. ಹೆಪ್ಪಿನ ತುಂಬ ನೀರು, ಎಣ್ಣೆಯಂಶದ ವಸ್ತು ಅದರಲ್ಲಿ ಹರಡದೆ ಬಿಲ್ಲೆಯಲ್ಲೇ ಕೂತುಬಿಡುತ್ತದೆ. ಅದು ಪ್ರಬಲ ಮದ್ದಾಗಿದ್ದರೂ ವೃತ್ತ ಸಣ್ಣದು. ನೀರಿನಲ್ಲಿ ಸುಲಭವಾಗಿ ಕರಗುವ ಸಾಮಾನ್ಯ ವಸ್ತುವಿಗೆ ದೊಡ್ಡ ವೃತ್ತ ಬರಬಹುದು. ಆ್ಯಂಟಿಬಯೋಟಿಕ್‌ಗಾದರೆ ಎಷ್ಟು ಮಿಲಿಮೀಟರಿಗೆ ಎಸ್, ಎಷ್ಟಕ್ಕೆ ಆರ್ ಎಂದು ವರ್ಷಗಟ್ಟಲೆ ಪರೀಕ್ಷಿಸಿ ಮಾಡಿದ ಕೋಷ್ಟಕವಿದೆ. ಸೊಪ್ಪಿನ ಸಾರಕ್ಕೆ ಅಂಥ ಕೋಷ್ಟಕವಿಲ್ಲ. 'ನಮ್ಮ ಗಿಡದ ವೃತ್ತ ಆ್ಯಂಟಿಬಯೋಟಿಕ್‌ಗಿಂತ ದೊಡ್ಡದು' ಎಂಬ ವಾಕ್ಯಕ್ಕೆ ಹಾಗಾಗಿ ಅರ್ಥವೇ ಇಲ್ಲ. ನನ್ನ ಸುದ್ದಿಯಲ್ಲಿ ಆ ವಾಕ್ಯವೂ ಇತ್ತು.

ಹಾಗಾದರೆ ನಂಬುವುದು ಯಾವುದನ್ನು? ಎರಡನೆಯ ಪರೀಕ್ಷೆಯನ್ನು. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಒಂದು ಬಗೆಯ ಚೆನ್ನೆಮಣೆ ಎನ್ನಿ. ಮೊದಲ ಗುಳಿಯಲ್ಲಿ ಸಾರ ಹೆಚ್ಚು, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಮತ್ತೆ ಅರ್ಧ. ಎಲ್ಲದಕ್ಕೂ ಒಂದೇ ಪ್ರಮಾಣದ ಬ್ಯಾಕ್ಟೀರಿಯಾ. ರೆಸಜುರಿನ್ ಎಂಬ ನೀಲಿ ಬಣ್ಣ ಹಾಕಿದರೆ ಜೀವ ಇರುವಲ್ಲಿ ಅದು ಗುಲಾಬಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿದ ಕೊನೆಯ ಗುಳಿಯಲ್ಲಿ ಎಷ್ಟು ಸಾರವಿದೆಯೋ ಅದು ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣ. ಬೇರೆ ಏನು ಹೇಳಿದರೂ ಕಡೆಗೆ ಕೇಳಬೇಕಾದ್ದು ಈ ಒಂದು ಅಂಕಿ.

ಎಂಆರ್‌ಎಸ್‌ಎ ರೋಗಿಗಳಿಗೆ ಕೊಡುವ ವ್ಯಾಂಕೋಮೈಸಿನ್‌ಗೆ ಈ ಅಂಕಿ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಸುಪಾಸು. ಗಿಡದ ಸಾರಗಳ ಬಗ್ಗೆ ಬರುವ ಪ್ರಬಂಧಗಳಲ್ಲಿ 5 ಮಿಲಿಗ್ರಾಂ, 10 ಮಿಲಿಗ್ರಾಂ ಎಂದೆಲ್ಲ ಇರುತ್ತದೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ! ಲೆಕ್ಕ ಹಾಕಿ ನೋಡೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಅದರ ಪ್ರತಿ ಮಿಲಿಲೀಟರಿನಲ್ಲೂ 5 ಮಿಲಿಗ್ರಾಂ ಸಾರ ಇರಬೇಕಾದರೆ ಒಂದೇ ಹೊತ್ತಿಗೆ 25 ಗ್ರಾಂ ಅಂಟು ಸಾರ ರಕ್ತ ಸೇರಬೇಕು. ಒಣ ಸೊಪ್ಪಿನ ಹತ್ತರಲ್ಲೊಂದು ಪಾಲು ಸಾರ ಸಿಕ್ಕಿತು ಎಂದಿಟ್ಟುಕೊಂಡರೂ ಅದಕ್ಕೆ ಕಾಲು ಕಿಲೋ ಒಣ ಪುಡಿ ಬೇಕು, ಹೊಟ್ಟೆಯಲ್ಲಿ ಒಂದಿಷ್ಟೂ ಹಾಳಾಗದೆ ಎಲ್ಲವೂ ರಕ್ತಕ್ಕೆ ಹೋಗಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಾಕ್ಕಿಂತ ಮೊದಲು ರೋಗಿಯ ಪಿತ್ತಕೋಶ ಕೈ ಕೊಡಬಹುದು.

ಈ ಕ್ಷೇತ್ರದ ವಿಜ್ಞಾನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. 2005ರಲ್ಲೇ ಸ್ಪೇನಿನ ರಿಯೋಸ್ ಮತ್ತು ರೆಸಿಯೋ ಎಂಬಿಬ್ಬರು ಸಂಶೋಧಕರು, ಸಾರಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಬೇಕಾದರೆ ಅದನ್ನು ಪರಿಣಾಮಕಾರಿ ಎಂದು ಕರೆಯಬೇಡಿ, 100 ಮೈಕ್ರೋಗ್ರಾಂ ಅಥವಾ ಕೆಳಗಿದ್ದರೆ ಮಾತ್ರ ಆಸಕ್ತಿಕರ ಎಂಬ ಅರ್ಥದಲ್ಲಿ ಬರೆದಿದ್ದರು. ಆದರೂ ಪ್ರಬಂಧಗಳು ಬರುತ್ತಲೇ ಇವೆ. ತಟ್ಟೆ, ಬಿಲ್ಲೆ, ಸೊಪ್ಪು ಇದ್ದರೆ ಒಂದು ಎಂ.ಎಸ್ಸಿ. ಯೋಜನೆ ಮುಗಿಯುತ್ತದೆ. ವಿದ್ಯಾರ್ಥಿಗಳು ಕೈಕೆಲಸ ಕಲಿಯಲು ಅದು ಒಳ್ಳೆಯದೇ. ತಪ್ಪಾಗುವುದು ಅದನ್ನು ಮದ್ದು ಎಂದು ಸಾರುವಲ್ಲಿ, ನಮ್ಮಂಥವರು ಅದನ್ನು ಅಚ್ಚು ಹಾಕಿಸುವಲ್ಲಿ.

ಹಾಗೆಂದು ಗಿಡಗಳನ್ನು ಕೈಬಿಡಬೇಕೆ? ಇಲ್ಲಿಂದ ಕಥೆಗೆ ಬೇರೊಂದು ತಿರುವು ಇದೆ, ಮತ್ತು ಅದು ನಮ್ಮ ಕಾಡಿಗೇ ಬರುತ್ತದೆ.

ಗಡಿಯ ಈಚೆಗೆ ಮರೋಟ್ಟಿ ಎಂದೂ ಕನ್ನಡದಲ್ಲಿ ಗರುಡಫಲ ಎಂದೂ ಕರೆಯುವ ಮರ ಪಶ್ಚಿಮಘಟ್ಟದ ತೊರೆಗಳ ಬದಿಯಲ್ಲಿ ಬೆಳೆಯುತ್ತದೆ. ಇದರ ಕಾಯಿಯ ಚಿಪ್ಪನ್ನು ಎರಡು ಹೋಳು ಮಾಡಿ ಹಣತೆಯಾಗಿ ಉರಿಸುವ ಕ್ರಮ ಕೇರಳದಲ್ಲಿದೆ. ಹದಿನೇಳನೇ ಶತಮಾನದಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲೂ ಈ ಮರದ ಚಿತ್ರವಿದೆ. ಈ ಮರ ಮತ್ತು ಇದರ ಹತ್ತಿರದ ಬಂಧುಗಳ ಬೀಜದ ಎಣ್ಣೆಯೇ ಚಾಲ್ಮೋಗ್ರ ಎಣ್ಣೆ. ಕುಷ್ಠರೋಗ ಬರುವುದು ಬ್ಯಾಕ್ಟೀರಿಯಾದಿಂದ, ಮತ್ತು ಸಲ್ಫೋನ್ ಮದ್ದುಗಳು 1940ರ ದಶಕದಲ್ಲಿ ಬರುವ ತನಕ ಅದಕ್ಕೆ ಇದ್ದ ಮುಖ್ಯ ಚಿಕಿತ್ಸೆ ಈ ಎಣ್ಣೆಯೇ. ಕುಡಿದರೆ ವಾಂತಿ, ಚುಚ್ಚಿದರೆ ಚರ್ಮದಡಿ ಗಂಟು. ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಯುವ ರಸಾಯನಶಾಸ್ತ್ರಜ್ಞೆ 1915ರ ಸುಮಾರಿಗೆ ಅದನ್ನು ಮೈಗೆ ಸೇರುವಂತೆ ಚುಚ್ಚುಮದ್ದಾಗಿ ಮಾರ್ಪಡಿಸಿದರು. 1916ರಲ್ಲಿ, ಕೇವಲ 24ನೇ ವಯಸ್ಸಿನಲ್ಲಿ ತೀರಿಕೊಂಡ ಆಕೆಯ ಕೆಲಸದ ಶ್ರೇಯ ಬಹುಕಾಲ ಬೇರೊಬ್ಬರ ಹೆಸರಿನಲ್ಲಿತ್ತು.

ಈಗ ಪಂಪಿನ ಮಾತಿಗೆ ಬರೋಣ. ಬರ್ಬೆರಿನ್ ಎಂಬ ಹಳದಿ ವಸ್ತು ನಮ್ಮ ಮರದರಿಶಿನದ ಕಾಂಡದಲ್ಲಿ ಧಾರಾಳವಾಗಿದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಅದಕ್ಕಿದ್ದರೂ ಸ್ಟೆಫೈಲೊಕಾಕಸ್ ತನ್ನ 'ನಾರ್‌ಎ' ಎಂಬ ಪಂಪಿನಿಂದ ಅದನ್ನು ಹೊರಗೆ ಚೆಲ್ಲಿಬಿಡುತ್ತದೆ. ಅಮೆರಿಕದ ಫ್ರಾಂಕ್ ಸ್ಟರ್ಮಿಟ್ಸ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಅಲ್ಲಿನ ಬರ್ಬೆರಿಸ್ ಗಿಡಗಳನ್ನು ಪರೀಕ್ಷಿಸುವಾಗ, ಬರ್ಬೆರಿನ್ ಜೊತೆಗೇ ಆ ಪಂಪನ್ನು ನಿಲ್ಲಿಸುವ ಇನ್ನೊಂದು ವಸ್ತುವೂ ಅದೇ ಗಿಡದಲ್ಲಿರುವುದು ಕಂಡಿತು. 2000ದಲ್ಲಿ ಅದನ್ನು ಪ್ರಕಟಿಸಿದರು. ಆ ವಸ್ತುವಿನ ಹೆಸರು ಮೆಥಾಕ್ಸಿ ಹಿಡ್ನೋಕಾರ್ಪಿನ್. ಹಿಡ್ನೋಕಾರ್ಪಸ್ ಎಂದರೆ ನಮ್ಮ ಗರುಡಫಲದ ಕುಲನಾಮ. ಚಾಲ್ಮೋಗ್ರ ಎಣ್ಣೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅದು ಮೊದಲೇ ಸಿಕ್ಕಿತ್ತು!

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಈ ಪಂಪು ನಿಲ್ಲಿಸುವ ವಸ್ತು ತಾನಾಗಿ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಬಿಲ್ಲೆಗೆ ಹಾಕಿ ತಟ್ಟೆಯಲ್ಲಿಟ್ಟರೆ ವೃತ್ತ ಸೊನ್ನೆ. ವೃತ್ತವನ್ನೇ ನಂಬಿ ಕೂತವರು ಅದನ್ನು ತೊಟ್ಟಿಗೆ ಎಸೆಯುತ್ತಿದ್ದರು. ದಕ್ಷಿಣ ಇಟಲಿಯಲ್ಲಿ ಚರ್ಮದ ತೊಂದರೆಗೆ ಹಚ್ಚುವ ಚೆಸ್ಟ್‌ನಟ್ ಎಲೆಯ ಸಾರದ ಬಗ್ಗೆ ಕಸಾಂಡ್ರಾ ಕ್ವೇವ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ್ದೂ ಇಂಥದೇ. ಅದು ಸ್ಟೆಫೈಲೊಕಾಕಸ್‌ನ್ನು ಕೊಲ್ಲುವುದಿಲ್ಲ, ಅವುಗಳ ನಡುವಿನ ಸಂದೇಶವನ್ನು ತಡೆದು ವಿಷ ಸುರಿಸದಂತೆ ಮಾಡುತ್ತದೆ. ವೃತ್ತ ಇಲ್ಲದಲ್ಲೂ ವಿಷಯ ಇರಬಹುದು ಎಂದಾಯಿತು.

ಮೂರನೆಯದು ನಮ್ಮ ಅಡಕೆ ಮರಕ್ಕೆ ಹಬ್ಬಿದ ಬಳ್ಳಿಯದು. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್, ಸಿಪ್ರೋಫ್ಲಾಕ್ಸಸಿನ್ ಜೊತೆಗಿದ್ದರೆ ಎಂಆರ್‌ಎಸ್‌ಎ ಸಹಿತ ಸ್ಟೆಫೈಲೊಕಾಕಸ್‌ನ್ನು ತಡೆಯಲು ಕಡಿಮೆ ಸಿಪ್ರೋಫ್ಲಾಕ್ಸಸಿನ್ ಸಾಕಾಗುತ್ತದೆ ಎಂದು ಜಮ್ಮುವಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಇಲ್ಲಿಯೂ ಪಂಪನ್ನು ತಡೆಯುವುದೇ ಕಾರಣವೆಂದು ಅವರ ಊಹೆ. ಅದೇ ಜಮ್ಮುವಿನ ಸಂಸ್ಥೆಯ ಬೇರೊಂದು ಸಂಶೋಧನೆಯಿಂದ, ಪೈಪರಿನ್ ಸೇರಿಸಿ ರಿಫಾಂಪಿಸಿನ್ ಪ್ರಮಾಣವನ್ನು ಕಡಿಮೆ ಮಾಡಿದ ಕ್ಷಯದ ಗುಳಿಗೆಯೊಂದು 2009ರಲ್ಲಿ ಭಾರತದ ಮಾರುಕಟ್ಟೆಗೂ ಬಂತು. ಆದರೆ ಅದು ಮದ್ದು ರಕ್ತಕ್ಕೆ ಹೆಚ್ಚು ಸೇರಲು, ಪಂಪು ನಿಲ್ಲಿಸಲು ಅಲ್ಲ. ಬ್ಯಾಕ್ಟೀರಿಯಾದ ಪಂಪು ನಿಲ್ಲಿಸುವ ಗಿಡದ ವಸ್ತು ಯಾವುದೂ ಇನ್ನೂ ರೋಗಿಯ ಕೈಗೆ ಬರುವ ಮದ್ದಾಗಿಲ್ಲ. ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ಹೋಗುವ ದಾರಿಯಲ್ಲಿ ಹೆಚ್ಚಿನವು ಉದುರುತ್ತವೆ. ಇತ್ತ ಮರದರಿಶಿನದ ಬಳ್ಳಿಯನ್ನು ಬುಡ ಸಹಿತ ಕಡಿದು ಸಾಗಿಸಿ ಕಾಡಿನಲ್ಲಿ ಅದೇ ಅಪರೂಪವಾಗಿದೆ. ಇದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ಅಲ್ಲಿಯ ತನಕ ಇರುವ ಮದ್ದುಗಳನ್ನೇ ಜೋಪಾನ ಮಾಡಬೇಕಷ್ಟೆ. ಕೇರಳ ಸರಕಾರ 2018ರಲ್ಲಿ ಇದಕ್ಕಾಗಿ ಕಾರ್ಯಯೋಜನೆ ರೂಪಿಸಿತು, ದೇಶದಲ್ಲಿ ಇಂಥದ್ದು ಮಾಡಿದ ಮೊದಲ ರಾಜ್ಯ. ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಮದ್ದಿನಂಗಡಿಗಳನ್ನು ಹಿಡಿಯಲು 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಆರಂಭವಾಯಿತು. ಜ್ವರ ಬಂದರೆ ಮಂಗಳೂರಿಗೊಂದು ಕಾಲು, ಇಲ್ಲಿಗೊಂದು ಕಾಲು ಇಡುವ ನಮ್ಮ ಗಡಿನಾಡಿನವರು ಒಂದು ಕೆಲಸ ಮಾಡಬಹುದು. ಎಸ್ ಮತ್ತು ಆರ್ ಇರುವ ವರದಿಯನ್ನು ಬಿಸಾಡದೆ, ಯಾವ ಆಸ್ಪತ್ರೆಗೆ ಹೋದರೂ ಜೊತೆಗೆ ಕೊಂಡುಹೋಗುವುದು. ಅಕ್ಕನ ವರದಿ ಈಗ ಪತ್ರಿಕೆಯ ಆ ತುಂಡು ಇದ್ದ ಜಾಗದಲ್ಲಿದೆ.

ಇಷ್ಟನ್ನೂ ಭಾವನವರಿಗೆ ಒಂದು ಸಂಜೆ ಕೂತು ಹೇಳಿದೆ. ಎಲ್ಲ ಕೇಳಿ, "ಹಾಗಾದರೆ ಆ ಗುಳಿಗೆಯ ಒಟ್ಟಿಗೆ ಕಾಳುಮೆಣಸಿನ ಕಷಾಯ ಕುಡಿದರೆ ಆದೀತಾ?" ಎಂದರು. ಸಾರಿಗೆ ಹಾಕುವಷ್ಟು ಮೆಣಸಿನ ಮಾತು ಬೇರೆ ಭಾವ, ಮದ್ದೆಂದು ಜಾಸ್ತಿ ತೆಗೆದುಕೊಳ್ಳಬೇಡಿ ಎಂದೆ. ಪೈಪರಿನ್ ಬೇರೆ ಮದ್ದುಗಳು ರಕ್ತದಲ್ಲಿ ಏರುವಂತೆಯೂ ಮಾಡುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಇವುಗಳಲ್ಲಿ ಅದನ್ನು ಅಳೆದು ನೋಡಿದ್ದಾರೆ. ಅಕ್ಕ ದಿನಕ್ಕೆ ನುಂಗುವ ಗುಳಿಗೆಗಳು ಆರು. ಮುಂದಿನ ಸಲ ಹೋದಾಗ ಡಾಕ್ಟರರಲ್ಲಿ ಕೇಳಿಯೇ ಬರುತ್ತೇನೆಂದು ಭಾವನವರು ಹೇಳಿದ್ದಾರೆ.